ಬಾಯಿ ಬದಲಾಯ್ತು

ಗಿಣೀ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಅದಕ್ಕೇ ಧೈರ್ಯವಾಗಿ ‘ನೀನು’ ಎಂದೇ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಸಭೆಗೆ ಬಂದಿದ್ದೆ. ಎರಡು ಭಾಷೆಯಲ್ಲಿ ಕಲಿಸುವ ಈ ಭಾಗದ ಶಾಲೆಗಳನ್ನೆಲ್ಲ ಸೇರಿಸಿ ನೀನೊಂದು ಬಳಗ ಕಟ್ಟುತ್ತಿದ್ದೀಯಲ್ಲ, ನಮ್ಮ ಹೆಡ್‌ಮಾಸ್ಟರು ಶಾಲೆಯ ಪರವಾಗಿ ನನ್ನನ್ನೇ ಅಟ್ಟಿದರು. ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೇ ಕೂತಿದ್ದೆ. ಹೊಟ್ಟೆಯ ಉರಿಗೆ ಫ್ಯಾನು ಸಾಲಲಿಲ್ಲ.

ಆ ಬಾಬ್‌ಕಟ್ಟಿನ ಟೀಚರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀನು, ನಾವಿಬ್ಬರೂ ಜೊತೆಯಾಗಿ ಕಲಿಸುತ್ತಿದ್ದಾಗಿನ ನಮ್ಮ ಪದ್ಧತಿಯನ್ನು ವಿವರಿಸಿದೆ: ಒಂದೇ ತರಗತಿ, ಇಬ್ಬರು ಟೀಚರು, ಮಕ್ಕಳೆದುರು ಒಬ್ಬೊಬ್ಬರಿಗೆ ಒಂದೊಂದೇ ಭಾಷೆ. ಅಪ್ಪಿತಪ್ಪಿ ನನ್ನ ಬಾಯಲ್ಲಿ ನಿನ್ನ ಭಾಷೆ ಬಂದರೆ ಮಕ್ಕಳು “ಟೀಚರ್, ಬಾಯಿ ಬದಲಾಯ್ತು!” ಎಂದು ಬೆಂಚು ಕುಟ್ಟುತ್ತಿದ್ದರಲ್ಲ, ಅದನ್ನೂ ಹೇಳಿದೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆದರೆ ನಿನ್ನ ಕಥೆಯಲ್ಲಿ ಆ ಬಾಯಿ ಅವಳದಾಗಿತ್ತು. ನನ್ನ ಬಾಯಿಗೇನು ಬಂದಿತ್ತೇ ರೋಗ?

ಈ ಬಳಗ ಕಟ್ಟುವ ಕೆಲಸಕ್ಕೆ ಜೊತೆಯಾಗು ಎಂದು ನೀನು ಮೊದಲು ಕರೆದದ್ದು ನನ್ನನ್ನೇ, ನಿಜ. ಆಗ ನಾನೇನು ಹೇಳಿದೆ ಎನ್ನುವುದು ಈಗ ಬೇಡ. ಆದರೂ ಅಷ್ಟು ಬೇಗ ಇನ್ನೊಬ್ಬಳು ಸಿಗಬೇಕಿತ್ತೇನೇ?

ಟೀ ಹೊತ್ತಿಗೆ ನೀನು “ಬಾರೇ, ಟೀ ಆರೋಗತ್ತೆ” ಎನ್ನುತ್ತ ನನ್ನ ಕಡೆಗೇ ಬಂದೆ. ನಾನು ಕೈ ಚಾಚಿಯೇಬಿಟ್ಟೆ. ನೀನು ಕರೆದದ್ದು ನನ್ನ ಬೆನ್ನ ಹಿಂದಿದ್ದ ಅವಳನ್ನು. ನನ್ನನ್ನು ಕಂಡು ತಡವರಿಸಿ, “ಓ, ನೀವೂ ಬಂದಿದ್ದೀರಾ? ಚೆನ್ನಾಗಿದ್ದೀರಾ?” ಅಂದೆ.

“ಚೆನ್ನಾಗಿದ್ದೀನಿ ಮೇಡಂ” ಅಂದೆ ನಾನು.

ಕುಟ್ಟೋಣವೆಂದರೆ ಅಲ್ಲಿ ಒಂದು ಬೆಂಚೂ ಇರಲಿಲ್ಲ ಕಣೇ.