ಅಪ್ಪ ಬಿಟ್ಟುಹೋದ ಗಂಟು

ಮಾಂಟೆರ್ರೆ, ಜುಲೈ ೨
ಬೆಳಗಿನ ಜಾವ, ಎರಡು ಹೊಡೆದಿದೆ

ಪ್ರೀತಿಯ ಅಪ್ಪಾ,

ಅಡುಗೆಮನೆಯ ನಲ್ಲಿ ಗೊರಕೆ ಹೊಡೆದದ್ದಕ್ಕೆ ಎಚ್ಚರವಾಯಿತು. ನೀರು ಬರುವ ಮೊದಲು ಕೊಳವೆಯೊಳಗಿನ ಗಾಳಿ ಹೀಗೇ ಹೊರಡುತ್ತದೆ. ಪಕ್ಕದ ಮನೆಯ ಒಬ್ದೂಲಿಯಾ ಗೋಡೆಯಾಚೆಯಿಂದ “ನಿಮ್ಮನೆ ನಲ್ಲಿಗೆ ದಮ್ಮು ಹತ್ತಿದೆ ಕಣೇ, ಡಾಕ್ಟರಿಗೆ ತೋರಿಸು” ಎಂದು ನಗುತ್ತಿದ್ದಳು. ಈಚೆಗೆ ಅವಳೂ ನಗುವುದು ಕಡಿಮೆ ಮಾಡಿದ್ದಾಳೆ. ನಿಮ್ಮ ಮೊಣಕಾಲು ಹೇಗಿದೆ? ನಾನು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಅದನ್ನೂ ಮೇಕೆಯ ಕಾಲಿಗೆ ಸವರಿ ಮುಗಿಸಿದಿರಾ? ರಾತ್ರಿ ಊಟ ಬಿಡಬೇಡಿ. ಬರೀ ಕಾಫಿ ಕುಡಿದು ಕೂತರೆ ನಿಮಗೆ ಹೊಟ್ಟೆ ಉರಿಯುತ್ತದೆ.

ಇಲ್ಲಿ ತಾದೆಯೊಗೆ ನಿನ್ನೆಯಿಂದ ಭೇದಿ. ಜ್ವರವಿಲ್ಲ, ಹಾಲು ಕುಡಿಯುತ್ತಾನೆ, ಹೆದರಬೇಡಿ. ಆದರೆ ಏಳು ತಿಂಗಳ ಕೂಸನ್ನು ತೊಳೆಯಲು ಒಂದು ಚೊಂಬು ನೀರಿಗೆ ಲೆಕ್ಕ ಹಾಕುವುದಿದೆಯಲ್ಲ, ಅದು ಮನುಷ್ಯರನ್ನು ಸಣ್ಣವರನ್ನಾಗಿ ಮಾಡುತ್ತದೆ. ಅವನಿಗೆ ಸ್ನಾನ ಮಾಡಿಸಿದ ನೀರಲ್ಲೇ ಅವನ ಬಟ್ಟೆ ಒಗೆಯುತ್ತೇನೆ, ಅದೇ ನೀರನ್ನು ಕಕ್ಕಸಿಗೆ ಹಾಕುತ್ತೇನೆ. ಮಾಳಿಗೆಯ ಟ್ಯಾಂಕು ಬಡಿದರೆ ಡೋಲಿನ ಸದ್ದು ಬರುತ್ತದೆ. ಟ್ಯಾಂಕರ್ ಬಂದ ದಿನ ಬೀದಿಯ ಹೆಂಗಸರೆಲ್ಲ ಜಡೆ ಹಿಡಿಯುವುದೊಂದು ಬಾಕಿ. ಮೊನ್ನೆ ನಾನೂ ಒಬ್ಬ ಮುದುಕಿಯ ಬಕೆಟ್ಟನ್ನು ಕಾಲಿಂದ ಹಿಂದಕ್ಕೆ ತಳ್ಳಿದೆ. ಓದಿದ ಹುಡುಗಿ ಎಂದು ನೀವು ಊರೆಲ್ಲ ಹೇಳಿಕೊಳ್ಳುತ್ತಿದ್ದಿರಲ್ಲ, ಅದೇ ನಾನು.

ನಿಮ್ಮೂರಿನವರು ಅಣೆಕಟ್ಟಿನ ದೊಡ್ಡ ಕೊಳವೆಯ ಕವಾಟ ಮುಚ್ಚಿ ಇವತ್ತಿಗೆ ವಾರ. ಅವರಿಗೆ ಯಾಕೆ ಸಿಟ್ಟು ಬಂತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಆ ಕೊಳವೆಯ ಮೇಲೆ ನಡೆದೇ ಶಾಲೆಗೆ ಹೋದವಳು. ದೋಣಿಗಳು ಒಣ ಕೆಸರಲ್ಲಿ ಮಗುಚಿ ಬಿದ್ದಿವೆ, ಕಿತ್ತಳೆ ಗಿಡಗಳು ಸುಟ್ಟಿವೆ, ಊರಿನ ನಲ್ಲಿಯಲ್ಲಿ ಹನಿಯಿಲ್ಲ. ಹಾಗಿದ್ದೂ ಉಳಿದ ನೀರು ನಿಮ್ಮ ಕಾಲಡಿಯಲ್ಲೇ ಗುಡುಗುಡು ಎಂದು ಪಟ್ಟಣಕ್ಕೆ ಹರಿಯುತ್ತದೆ. “ನಾವೇನು ಆ ನೀರಿಗೆ ವಾಚ್‌ಮನ್ನುಗಳೇನೇ?” ಎಂದು ನೀವು ಕೇಳಿದ್ದು ನ್ಯಾಯವೇ. ಆದರೆ ಆ ಕೊಳವೆಯ ಈ ತುದಿಯಲ್ಲಿ ಇರುವುದು ಶ್ರೀಮಂತರ ಈಜುಕೊಳ ಮಾತ್ರವಲ್ಲ, ಅಪ್ಪಾ, ತಾದೆಯೊನ ಕುಂಡೆಯೂ ಇದೆ.

ಈಗ ಹೇಳಬೇಕಾದದ್ದು. ನಲ್ಲಿ ಗೊರಕೆ ಮುಗಿಸಿ ದಾರದಷ್ಟು ನೀರು ಬಿಟ್ಟಿತು, ಯಾವ ಪುಣ್ಯಾತ್ಮ ಯಾವ ಕೊಳವೆಯಿಂದ ತಿರುಗಿಸಿದನೋ. ಪಾತ್ರೆ, ಬಾಣಲೆ, ಬೀನ್ಸಿನ ಮಡಕೆ, ಎಲ್ಲ ಇಟ್ಟೆ. ನಲ್ಲಿಯ ಬುಡದಲ್ಲೂ ಸೋರುತ್ತಿತ್ತು. ಅದರಡಿಗೆ ಇಡಲು ಏನೂ ಉಳಿದಿರಲಿಲ್ಲ. ಆಗ ನೀವು ಭಾನುವಾರ ತಂದಿಟ್ಟ ಗೋಣಿಯ ಗಂಟು ನೆನಪಾಯಿತು. “ಅಜ್ಜನ ಕಾಲದ ನೇಗಿಲ ತಟ್ಟೆ. ಮೊಮ್ಮಗನ ಜ್ಞಾನಸ್ನಾನದ ದಿನ ನಾನೇ ಬಂದು ಇದರಲ್ಲಿ ಮಾಂಸ ಬೇಯಿಸ್ತೀನಿ. ಎಣ್ಣೆ ಸವರಿ ಕಟ್ಟಿದೀನಿ, ಅಲ್ಲೀತನಕ ಬಿಚ್ಚಬೇಡ ಮಗಳೇ” ಎಂದಿದ್ದಿರಿ. ಟ್ರ್ಯಾಕ್ಟರ್ ನೇಗಿಲಿನ ಹಳೆ ತಟ್ಟೆಯೇ ಬಾಣಲೆಯಾಗುವ ನಮ್ಮ ಕಡೆ ದುಂಡಗೆ ಭಾರವಾಗಿರುವ ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ ತಂದರೆ ಅದು ಮಾಂಸ ಬೇಯಿಸುವ ತಟ್ಟೆಯಲ್ಲದೆ ಬೇರೇನು ಎಂದು ಯಾರು ತಾನೇ ಕೇಳುತ್ತಾರೆ? ನಿಮ್ಮ ಅಳಿಯ ಎಲಿಯಾಸರ್ ಅದನ್ನು ಬಸ್‌ಸ್ಟ್ಯಾಂಡಿನಿಂದ ಹೆಗಲ ಮೇಲೆ ಹೊತ್ತು ತಂದ. “ಮಾವ ಟ್ರ್ಯಾಕ್ಟರನ್ನೇ ಕಟ್ಟಿಕೊಟ್ಟಿದಾರೆ ಕಣೇ” ಎಂದು ಏದುಸಿರು ಬಿಟ್ಟ. ನೀವು ಮೀಸೆಯಡಿಯಲ್ಲಿ ನಕ್ಕಿರಿ.

ಬಿಚ್ಚಿದೆ. ತಟ್ಟೆಯಲ್ಲ. ಕೆಂಪು ಬಣ್ಣದ ಚಕ್ರ, ನಡುವೆ ಕಡ್ಡಿಗಳು. ಕವಾಟ ತಿರುಗಿಸುವ ಚಕ್ರ. ಅದಿಲ್ಲದೆ ಕವಾಟ ಅಲುಗಾಡುವುದಿಲ್ಲವೆಂದು ನನ್ನ ಗಂಡ ವಾರವಿಡೀ ಹಲುಬುತ್ತಿದ್ದಾನೆ. ನೀರಿನ ಇಲಾಖೆಯವರು ಊರೂರು ಹುಡುಕಿದರು. ಅದು ಅವರದೇ ಕೆಲಸಗಾರನ ಮನೆಯಲ್ಲಿ, ನನ್ನ ಮಗುವಿನ ತೊಟ್ಟಿಲ ಕೆಳಗಿತ್ತು. ಜಾಗ ಚೆನ್ನಾಗಿ ನೋಡಿದಿರಿ, ಒಪ್ಪಬೇಕು. ಆದರೆ ಅಲ್ಲೇ ಬೇಕಿತ್ತಾ, ಅಪ್ಪಾ?

ಇವತ್ತು ಬೆಳಗ್ಗೆ ಎಲಿಯಾಸರ್‌ನ ತಂಡ ಕವಾಟ ಕತ್ತರಿಸಲು ಗ್ಯಾಸ್ ಕಟರ್ ತೆಗೆದುಕೊಂಡು ನಿಮ್ಮೂರಿಗೆ ಬರುತ್ತಿದೆ. ಈ ಸಲ ಸೈನಿಕರು ಜೊತೆಗೆ. ಕವಾಟದ ಮುಂದೆ ಕುರ್ಚಿ ಹಾಕಿಕೊಂಡು ನೀವೇ ಕೂತಿರುತ್ತೀರಿ ಎಂದು ನೀವು ನನಗಷ್ಟೇ ಹೇಳಿದ್ದು, ಅವನಿಗೆ ಗೊತ್ತಿಲ್ಲ. “ಮಾವನಿಗೆ ಕಾಲು ನೋವು, ಅವರು ಅಲ್ಲಿಗೆಲ್ಲ ಎಲ್ಲಿ ಬರ್ತಾರೆ” ಎಂದು ನಿಶ್ಚಿಂತೆಯಿಂದ ಮಲಗಿದ್ದಾನೆ. ನಾನು ಹೇಳಿಲ್ಲ. ಕಟರ್ ಹಿಡಿದು ಮುಂದೆ ನಿಲ್ಲುವವನು ಅವನೇ. ಚಕ್ರ ಮರಳಿ ಸಿಕ್ಕಿದರೆ ಕಟರ್ ಬೇಡ, ಸೈನಿಕರೂ ಬೇಡ. ಆದರೆ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಅವನು ಸುಳ್ಳು ಹೇಳಬೇಕು, ಇಲ್ಲವೇ ನಿಮ್ಮನ್ನು ಹಿಡಿದುಕೊಡಬೇಕು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ನೀವೇ ಹೇಳಿ, ಏನು ಮಾಡಲಿ?

ನಿಮ್ಮ ಫೋನಿಗೆ ಹೊಡೆದು ಹೊಡೆದು ಸಾಕಾಯಿತು, ಆ ಹಳ್ಳದಲ್ಲಿ ಸಿಗ್ನಲ್ ಎಲ್ಲಿ ಸಿಗಬೇಕು. ಬ್ರೆಡ್ ಲಾರಿಯ ಎವೆರಾರ್ದೊ ಈಗ ನಿಮ್ಮೂರ ದಾರಿಯಲ್ಲೇ ಹೊರಡುತ್ತಾನೆ. ಕಾಗದವನ್ನು ನಿಮ್ಮ ಕೈಗೇ ಕೊಡು ಎಂದು ಹೇಳಿದ್ದೇನೆ. ನಿಮ್ಮೂರ ಅಂಗಡಿಯ ದೋನ್ಯಾ ಕೇತಾ ಜೋಳ ರುಬ್ಬಲು ನಸುಕಿಗೇ ಏಳುತ್ತಾಳೆ, ಅವಳ ಗೋಡೆಯ ಫೋನು ಕೆಲಸ ಮಾಡುತ್ತದೆ. ತಾದೆಯೊನ ಮುತ್ತು ನಿಮ್ಮ ಮೀಸೆಗೆ. ಮಾತೆ ಮರಿಯಾ ನಿಮ್ಮನ್ನು ಕಾಯಲಿ.

ನಿಮ್ಮ ಮಗಳು
ಇರಾಸೆಮಾ

ಅವಸರದಲ್ಲಿ ಇನ್ನೊಂದು ಮಾತು: ಎವೆರಾರ್ದೊ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಏನು ಮಾಡಲಿ ಎಂದು ಕೇಳಿದ್ದು ಸುಳ್ಳು, ಅಪ್ಪಾ. ಚಕ್ರವನ್ನು ಎಲಿಯಾಸರ್‌ಗೆ ಕೊಡುತ್ತೇನೆ. ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋಗಿದ್ದರು ಎಂದು ನಾನೇ ಹೇಳುತ್ತೇನೆ, ನನ್ನ ಕಿವಿ ಕೆಂಪಾಗುವುದಿಲ್ಲ. ನೀವು ಆ ಕುರ್ಚಿಯಿಂದ ಎದ್ದು ಮನೆಗೆ ಹೋದಿರೆಂದು ನಿಮ್ಮ ಬಾಯಿಂದ ಕೇಳಬೇಕು, ಅಷ್ಟೇ. ಚಕ್ರ ತಂದರೂ ಅವನು ಮೊದಲು ನಿಮ್ಮನ್ನೇ ಸರಿಸಬೇಕಾದೀತು, ಅದನ್ನು ಕೇಳದೆ ಅವನನ್ನು ಎಬ್ಬಿಸಲಾರೆ. ಐದಕ್ಕೆ ಅವನೇ ಏಳುತ್ತಾನೆ. ಬೈಯುವುದಿದ್ದರೂ ಸರಿ, ನನ್ನ ಮುಖ ಇನ್ನು ನೋಡುವುದಿಲ್ಲ ಎನ್ನುವುದಿದ್ದರೂ ಸರಿ, ಐದು ಹೊಡೆಯುವ ಮೊದಲು ಫೋನ್ ಮಾಡಿ.