ಡುಮ್ಮ ಬಾವಿಗೆ ಬಿದ್ದ

ಅಕ್ಕಾ,

ನಾವಿಬ್ಬರೂ ಆಡುತ್ತಿದ್ದ ವಿಡಿಯೋ ಗೇಮಿನ ಡುಮ್ಮನ ಮೇಲೆ ಸಿನಿಮಾ ಬಂದಿದೆ. ಇವತ್ತು ನಿನ್ನ ಮಗಳ ಜೊತೆ ನೋಡಿ ಬಂದೆ. ಅವನಿಗೂ ಸೇಡು, ಕಣ್ಣೀರು, ಭಾಷಣ ತುರುಕಿರುತ್ತಾರೆಂದು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಡುಮ್ಮ ಬಾವಿಕಟ್ಟೆ ಹತ್ತಿ ಗಂಭೀರವಾಗಿ ಬಾಯಿ ತೆರೆದ. ಮುಗೀತು ಕಥೆ ಅಂದುಕೊಂಡೆ. ಅಷ್ಟರಲ್ಲಿ ಕಾಲು ಜಾರಿ, ಅದೇ ಹಳೆಯ "ಅಯ್ಯಯ್ಯಪ್ಪೋ!" ಎನ್ನುತ್ತ ದುಡುಮ್ಮನೆ ಬಿದ್ದ. ಸದ್ಯ, ನಮ್ಮ ಡುಮ್ಮನೇ!

"ಚಿಕ್ಕಮ್ಮಾ, ಅಮ್ಮ ಬೇಕಂತ್ಲೇ ಡುಮ್ಮನ್ನ ಬೀಳಿಸ್ತಿದ್ದ ಬಾವಿ ಇದೇ!" ಎಂದು ನಿನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನು ತೀರಿಕೊಂಡ ಮೇಲೆ ಅವಳ ಬಾಯಲ್ಲಿ 'ಅಮ್ಮ' ಬಂದದ್ದು ಇದೇ ಮೊದಲು.

ಮನೆಗೆ ಬಂದವಳೇ ಗೇಮ್ ತೆಗೆದು, ಧೂಳು ಒರೆಸಿ, ನನ್ನ ಜೊತೆ ಆಡಲು ಕೂತು, ನಿನ್ನಂತೆಯೇ ಆ ಕೂಗು ಕೇಳಲೆಂದು ತನ್ನ ಡುಮ್ಮನನ್ನು ಮೊದಲು ಬಾವಿಗೆ ಬೀಳಿಸಿದಳು. ನಿನಗೆ ಬೈಯುತ್ತಿದ್ದಂತೆ 'ಸುಮ್ನೆ ಒಂದು ಲೈಫ್ ದಂಡ' ಎಂದು ನಾನು ಅವಳಿಗೆ ಬೈಯಲಿಲ್ಲ. ನನ್ನ ಡುಮ್ಮನನ್ನೂ ಅವನ ಹಿಂದೆಯೇ ಹಾರಿಸಿದೆ.