ಗಡಿಗೆ ಮುಂಚಿನ ಕಿತ್ತಳೆ

ರೇಗನ್ಸ್‌ಬರ್ಗ್, ಜರ್ಮನಿ
ಭಾನುವಾರ

ಪ್ರೀತಿಯ ಕಶ್ಯಪ್,

ಇದರ ಜೊತೆ ಹೊಸ ಮನೆಯ ಬಾಡಿಗೆ ಕರಾರು ಇಟ್ಟಿದ್ದೇನೆ. ಇಲ್ಲಿನ ಓನರ್ ಸ್ಕ್ಯಾನ್ ಒಪ್ಪುವುದಿಲ್ಲ, ಗಂಡ ಹೆಂಡತಿ ಇಬ್ಬರ ಸಹಿಯೂ ಕಾಗದದ ಮೇಲೇ ಬೇಕಂತೆ. ಅದಕ್ಕೇ ಮೆಲ್ಬರ್ನ್‌ವರೆಗೆ ಈ ಅಂಚೆ. ನಾನು ಕೆಲಸಕ್ಕೆಂದು ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಫೋನಿನಲ್ಲಿ ನೀನು ಇನ್ನೂ "ಬರ್ತೀನಿ, ನೋಡೋಣ" ಎನ್ನುತ್ತಿದ್ದೀಯ. ಜಗಳಕ್ಕೆ ಬರೆಯುತ್ತಿಲ್ಲ.

ಮೆಲ್ಬರ್ನ್‌ನಲ್ಲಿದ್ದಾಗ ಲಾಂಗ್ ವೀಕೆಂಡ್ ಸಿಕ್ಕಿದಾಗಲೆಲ್ಲ ಅಡಿಲೇಡ್ ಕಡೆ ಹೊರಡುತ್ತಿದ್ದೆವಲ್ಲ? ರಾಜ್ಯದ ಗಡಿ ದಾಟಿ ಹಣ್ಣು ಒಯ್ಯುವ ಹಾಗಿಲ್ಲವೆಂದು ಮುಂಚೆಯೇ ಕಾರು ನಿಲ್ಲಿಸಿ ಕಿತ್ತಳೆಯನ್ನೆಲ್ಲ ತಿಂದು ಮುಗಿಸುತ್ತಿದ್ದೆವು. ಸುಲಿಯುವುದು ನಾನು, ತಿನ್ನುವುದು ನೀನು. "ಸಾಕು ಕಣೇ, ಬಿನ್‌ಗೆ ಹಾಕು" ಎಂದು ನೀನು ಗೊಣಗಿದರೂ ನಾನು ಬಿಡುತ್ತಿರಲಿಲ್ಲ.

ನಿನ್ನೆ ಒಬ್ಬಳೇ ಬಸ್ಸಿನಲ್ಲಿ ಸಾಲ್ಜ್‌ಬರ್ಗ್‌ಗೆ ಹೊರಟಿದ್ದೆ. ಆಸ್ಟ್ರಿಯಾದ ಗಡಿ ಹತ್ತಿರವಾಯಿತು ಎನ್ನುವಾಗ ಬ್ಯಾಗಿನಲ್ಲಿದ್ದ ಎರಡೂ ಕಿತ್ತಳೆಯನ್ನು ಅವಸರವಾಗಿ ಸುಲಿದೆ. ಇಲ್ಲಿ ಹಣ್ಣನ್ನು ಯಾರೂ ಕೇಳುವುದಿಲ್ಲ, ಗೊತ್ತಿದ್ದೂ ಸುಲಿದೆ. ಒಂದನ್ನು ನೋಡದೆಯೇ ಪಕ್ಕಕ್ಕೆ ಚಾಚಿದೆ. ಅಲ್ಲಿ ಕೂತಿದ್ದ ಜರ್ಮನ್ ಅಜ್ಜಿ "ದಾಂಕೆ" ಎಂದು ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಪೂರ್ತಿ ತಿಂದರು, ನಿನ್ನ ಹಾಗೆ ಗೊಣಗದೆ.

ಕರಾರು ಮೂವತ್ತನೇ ತಾರೀಖಿನೊಳಗೆ ಇಲ್ಲಿಗೆ ತಲುಪಬೇಕು. ಬರುವುದಿಲ್ಲವಾದರೆ ಸಹಿ ಹಾಕದೆ ಹಾಗೆಯೇ ಕಳಿಸು, ಒಂದೇ ಕೋಣೆಯ ಮನೆಯನ್ನೂ ನೋಡಿಟ್ಟಿದ್ದೇನೆ. ಹಾಕುವುದಾದರೆ ಕೊನೆಯ ಪುಟದಲ್ಲಿ, ನನ್ನ ಸಹಿಯ ಕೆಳಗೆ. ಅಲ್ಲಿ ನಿನ್ನ ಹೆಸರನ್ನು ನಾನೇ ಬರೆದಿದ್ದೇನೆ. ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ.

ನಿನ್ನ
ಶ್ರೀಲಕ್ಷ್ಮಿ